ತಿಪ್ಪೇಸ್ವಾಮಿಯ ಎಡಗೈ ಸ್ಯಾಂಪ್ಲರ್ ಒಳಗಿತ್ತು

ಕೊರೋನಾದ ಎರಡನೇ ಅಲೆ ಇಳಿದು, ಮದುವೆ ಆರತಕ್ಷತೆಗಳಲ್ಲಿ ಮತ್ತೆ ಆರ್ಕೆಸ್ಟ್ರಾ ಹಾಡು ಕೇಳಿಸತೊಡಗಿದ ವರ್ಷದ ಮಾತು ಇದು. ನಾನು ಆಗ ಹೊನ್ನಾಳಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಕೀಬೋರ್ಡ್, ಆಂಪ್ಲಿಫೈಯರ್, ರಿದಂ ಪ್ಯಾಡ್ ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು, ವರ್ಷಗಟ್ಟಲೆ ಸೋಲ್ಡರ್ ಹೊಗೆ ಕುಡಿದವಳು. ಆದರೂ ಹೊಸ ಗಿರಾಕಿ ಬಂದರೆ ನನ್ನನ್ನು ದಾಟಿ ಒಳಗೆ ಇಣುಕಿ, “ರಿಪೇರಿ ಮಾಡೋರು ಎಲ್ಲಿ ಹೋಗ್ಯಾರೆ?” ಅಂತಲೇ ಕೇಳುವುದು. “ಊಟಕ್ಕೆ ಹೋಗ್ಯಾರೆ, ಇನ್ನು ಬರಲ್ಲ, ನಂಗೇ ತೋರ್ಸಿ” ಅನ್ನುತ್ತಿದ್ದೆ. ನನ್ನ ಬಾಯಿ ಸ್ವಲ್ಪ ಜೋರು. ಅದರಿಂದ ಅಂಗಡಿಗೇನೂ ನಷ್ಟವಾಗಿಲ್ಲ.

ಸತ್ತ ಮೆಷಿನ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಕೆಲವು ಎದ್ದು ಹೋಗಿವೆ, ಕೆಲವನ್ನು ಬಿಡಿಭಾಗಕ್ಕೆ ಅಂತ ಎತ್ತಿಟ್ಟುಕೊಂಡಿದ್ದೇನೆ. ಯಾವುದಕ್ಕೂ ಅನ್ನ ನೀರು ಬಿಟ್ಟವಳಲ್ಲ. ಈ ಒಂದು ಕೇಸು ಮಾತ್ರ ಹಾಗೆ ಬಿಡಲಿಲ್ಲ.

ಆಯುಧ ಪೂಜೆ ಮುಗಿದ ಮೇಲಿನ ಸೋಮವಾರ ಬೆಳಿಗ್ಗೆ ಶಟರ್ ಎತ್ತುವಾಗ ಇಬ್ಬರು ಕಾಯುತ್ತಿದ್ದರು. ಒಬ್ಬರು ಚನ್ನಗಿರಿಯ ಆರ್ಕೆಸ್ಟ್ರಾ ಮಾಲೀಕ ರುದ್ರಪ್ಪ, ನನ್ನ ಹಳೆಯ ಗಿರಾಕಿ. ಇನ್ನೊಬ್ಬರು ಅವರ ತಂಡದ ತಬಲಾ ವಾದಕ ತಿಪ್ಪೇಸ್ವಾಮಿ. ಜಗಳೂರು ಕಡೆಯವರು, ಮಿತಭಾಷಿ, ಐವತ್ತು ದಾಟಿದ ವಯಸ್ಸು. ಟವೆಲ್ ಸುತ್ತಿದ ಒಂದು ಪೆಟ್ಟಿಗೆಯನ್ನು ಬಲಗೈಯಿಂದ ಎದೆಗವಚಿ ಹಿಡಿದಿದ್ದರು. ಎಡಗೈ ಪಕ್ಕದಲ್ಲಿ ಜೋತುಬಿದ್ದಿತ್ತು.

ಟವೆಲ್ ಬಿಚ್ಚಿದರೆ ಒಳಗಿದ್ದದ್ದು ಸ್ಯಾಂಪ್ಲರ್. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಇದು ಯಾವ ಶಬ್ದವನ್ನು ಬೇಕಾದರೂ ಮೈಕಿನಿಂದ ಹಿಡಿದಿಟ್ಟುಕೊಂಡು, ಮೇಲಿರುವ ರಬ್ಬರ್ ಪ್ಯಾಡನ್ನು ಬೆರಳಿನಿಂದ ತಟ್ಟಿದಾಗ ಅದೇ ಶಬ್ದವನ್ನು ಹೊರಗೆ ಬಿಡುವ ಮೆಷಿನ್. ಒಂದೊಂದು ಪ್ಯಾಡಿಗೆ ಒಂದೊಂದು ಶಬ್ದ. ಹೀಗೆ ಹಿಡಿದಿಟ್ಟ ಶಬ್ದದ ತುಣುಕಿಗೆ ಸ್ಯಾಂಪಲ್ ಎನ್ನುತ್ತಾರೆ. ಮೊಬೈಲಿಗೆ ಇರುವ ಹಾಗೆ ಇದಕ್ಕೂ ಒಂದು ಆಪರೇಟಿಂಗ್ ಸಿಸ್ಟಂ ಇರುತ್ತದೆ, ಅಂದರೆ ಮೆಷಿನನ್ನು ಎಬ್ಬಿಸಿ ನಡೆಸುವ ಮೂಲ ಪ್ರೋಗ್ರಾಂ.

“ಆನ್ ಮಾಡಿದ್ರೆ ಅದೇನೋ ಇಂಗ್ಲಿಷ್‌ನಾಗೆ ಬರ್ತೈತೆ ಅಕ್ಕ, ಮುಂದಕ್ಕೇ ಹೋಗಲ್ಲ” ಅಂದರು ರುದ್ರಪ್ಪ. “ಭಾನುವಾರ ನ್ಯಾಮತಿನಾಗೆ ಪ್ರೋಗ್ರಾಂ ಐತೆ.”

ಆನ್ ಮಾಡಿದೆ. ಸಿಸ್ಟಂ ಅಪ್‌ಡೇಟ್ ಮಾಡಲಾಗುವುದು, ಒಳಗಿನ ಮೆಮೊರಿ ಅಳಿಸಿಹೋಗುತ್ತದೆ, ಮುಂದುವರಿಯಲು ಓಕೆ ಒತ್ತಿ ಅಂತ ಸ್ಕ್ರೀನ್ ಹೇಳುತ್ತಿತ್ತು. ಆಫ್ ಮಾಡಿ ಮತ್ತೆ ಆನ್ ಮಾಡಿದರೂ ಅದೇ. ಆಪರೇಟಿಂಗ್ ಸಿಸ್ಟಂ ಕೆಟ್ಟಾಗ ಇಂಥ ಮೆಷಿನ್‌ಗಳು ಹೀಗೇ ಮಾಡುತ್ತವೆ.

“ಒಳಗಿರೋದಕ್ಕೆ ಕಾಪಿ ಇಟ್ಟಿದೀರಾ?” ಅಂತ ತಿಪ್ಪೇಸ್ವಾಮಿಯನ್ನು ಕೇಳಿದೆ.

“ಇಲ್ಲ ರೀ. ಅದ್ರಾಗೇ ಇತ್ತಲ್ಲ.”

“ಹಂಗಾದ್ರೆ ಹೋಯ್ತು ಅಂತ ತಿಳ್ಕೊಳ್ರಿ. ಮೆಮೊರಿ ಅಳಿಸಿ ಮೆಷಿನ್ ಎಬ್ಬಿಸ್ತೀನಿ, ಮತ್ತೆ ಕೂತು ರೆಕಾರ್ಡ್ ಮಾಡ್ಕೊಂಡ್ರಾಯ್ತು.”

ಅವರು ಬಲಗೈಯಿಂದ ತಮ್ಮ ಎಡಗೈಯನ್ನು ಎತ್ತಿ ನನ್ನ ಟೇಬಲ್ ಮೇಲೆ, ಮಲ್ಟಿಮೀಟರ್ ಪಕ್ಕದಲ್ಲಿ ಇಟ್ಟರು. ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು.

“ಈ ಕೈಲಿ ರೆಕಾರ್ಡ್ ಮಾಡಾಕೆ ಆಗ್ತೈತಾ, ನೀವೇ ನೋಡ್ರಿ” ಅಂದರು.

ಮಿಕ್ಕದ್ದನ್ನು ರುದ್ರಪ್ಪ ಹೇಳಿದರು. ತಿಪ್ಪೇಸ್ವಾಮಿಗೆ ಎಡಗೈ ನರ ಸೋಲುತ್ತಾ ಬಂದಿತ್ತಂತೆ. ದಾವಣಗೆರೆಯಲ್ಲಿ ತೋರಿಸಿದ್ದಕ್ಕೆ, ಇದು ಹಿಂದಕ್ಕೆ ಬರುವ ಕಾಯಿಲೆಯಲ್ಲ ಅಂದರಂತೆ. ಆಗ ಇವರು ಯಾರದ್ದೋ ಕೈಯಿಂದ ಹಳೆಯ ಸ್ಯಾಂಪ್ಲರ್ ಕೊಂಡು, ಕೈ ಪೂರ್ತಿ ಹೋಗುವ ಮೊದಲು ತಮ್ಮ ತಬಲಾದ ಒಂದೊಂದು ಬೋಲನ್ನೂ, ಅಂದರೆ ಒಂದೊಂದು ಪೆಟ್ಟಿನ ನಾದವನ್ನೂ, ಬಿಡಿಬಿಡಿಯಾಗಿ ಬಾರಿಸಿ ತುಂಬಿಸಿಟ್ಟುಕೊಂಡಿದ್ದರು. ಈಗ ಬಲಗೈ ಬೆರಳುಗಳಿಂದಲೇ ಎರಡೂ ಕೈಯ ಕೆಲಸ ಮಾಡುತ್ತಿದ್ದರು. ಕಣ್ಣು ಮುಚ್ಚಿ ಕೇಳಿದರೆ ಮೊದಲಿನ ತಿಪ್ಪೇಸ್ವಾಮಿಯೇ ಕೂತು ಬಾರಿಸಿದ ಹಾಗೆ ಇರುತ್ತಿತ್ತು ಅಂದರು ರುದ್ರಪ್ಪ. ರೆಡಿಮೇಡ್ ತಬಲಾ ಸೌಂಡ್ ಸಿಗುತ್ತವಲ್ಲ ಅಂತ ನಾನು ಕೇಳಿದ್ದಕ್ಕೆ ತಿಪ್ಪೇಸ್ವಾಮಿ ತಲೆ ಅಲ್ಲಾಡಿಸಿ ಹೊರಗೆ ನೋಡಿದರು. ಮೆಷಿನ್ ಏಳದಿದ್ದರೆ ಈ ಮನುಷ್ಯ ಇನ್ನು ತಬಲಾ ವಾದಕ ಅಲ್ಲ, ಅಷ್ಟೇ ಲೆಕ್ಕ. ನನಗೆ ನನ್ನ ನಾಲಿಗೆ ಮೇಲೆಯೇ ಸಿಟ್ಟು ಬಂತು.

ಮೆಷಿನ್ ಇಟ್ಟುಕೊಂಡು ಅವರನ್ನು ಕಳಿಸಿದೆ. ತಯಾರಿಸಿದ ಕಂಪನಿ ಹೊರದೇಶದ್ದು, ಈ ಮಾಡೆಲ್ ನಿಲ್ಲಿಸಿ ಬಹಳ ಕಾಲವಾಗಿತ್ತು. ಮೇಲ್ ಹಾಕಿದೆ. ಈ ಉತ್ಪನ್ನಕ್ಕೆ ಈಗ ಯಾವ ಸೇವೆಯೂ ಇಲ್ಲ, ನಮ್ಮ ಹೊಸ ಮಾಡೆಲ್ ನೋಡಿ ಅಂತ ಉತ್ತರ ಬಂತು, ಕೆಳಗೆ ಬಣ್ಣದ ಚಿತ್ರ ಬೇರೆ. ಮೆಮೊರಿ ಚಿಪ್ ಬೋರ್ಡಿಗೇ ಬೆಸೆದುಕೊಂಡಿತ್ತು. ಅದನ್ನು ಕಿತ್ತು ಕಂಪ್ಯೂಟರಿಗೆ ಹಾಕಿದರೂ ಕಂಪನಿಯ ಸಿಸ್ಟಂ ಬಿಟ್ಟು ಬೇರೆ ಯಾರಿಗೂ ಅರ್ಥವಾಗದ ಹಾಗೆ ಬರೆದಿಟ್ಟಿದ್ದರು. ಒಬ್ಬ ಮನುಷ್ಯನ ಕೈಯನ್ನು ಡಬ್ಬಿಯಲ್ಲಿ ಹಾಕಿಸಿಕೊಂಡು, ಬೀಗದ ಕೈ ತಾವು ಇಟ್ಟುಕೊಂಡು, ಆಮೇಲೆ ಅಂಗಡಿ ಬಾಗಿಲು ಹಾಕಿಕೊಂಡು ಹೋದರೆ ಅದಕ್ಕೆ ಏನನ್ನಬೇಕು? ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಕೇಳಿಸಿಕೊಳ್ಳಲು ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಹುಡುಕುತ್ತಾ ಹೋದಾಗ ಒಂದು ಗುಂಪು ಸಿಕ್ಕಿತು. ಇದೇ ಸ್ಯಾಂಪ್ಲರ್‌ಗೆ ತಾವೇ ಹೊಸ ಆಪರೇಟಿಂಗ್ ಸಿಸ್ಟಂ ಬರೆದ ಜನ. ಓಪನ್ ಸೋರ್ಸ್ ಎನ್ನುತ್ತಾರೆ, ಅಂದರೆ ಪ್ರೋಗ್ರಾಂ ಹೇಗೆ ಬರೆದಿದೆ ಅನ್ನುವುದನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು, ಹಂಚಬಹುದು. ಬೇರೆ ಬೇರೆ ದೇಶಗಳಲ್ಲಿ ಕೂತ ಸಂಗೀತದ ಹುಚ್ಚಿನವರು, ಕಂಪನಿ ಕೈಬಿಟ್ಟ ಮೆಷಿನ್ ಸಾಯಬಾರದು ಅಂತ ಬಿಡುವಿನಲ್ಲಿ ಮಾಡಿದ್ದು. ಅವರಲ್ಲಿ ಒಬ್ಬರು ‘ಗೂಬೆ’ ಅನ್ನುವ ಅರ್ಥದ ಹೆಸರಿಟ್ಟುಕೊಂಡಿದ್ದರು. ಗಂಡಸೋ ಹೆಂಗಸೋ, ಯಾವ ದೇಶವೋ ಇವತ್ತಿಗೂ ಗೊತ್ತಿಲ್ಲ. ಸಮಾಚಾರ ಬರೆದು ಹಾಕಿದ್ದಕ್ಕೆ ಮೊದಲು ಉತ್ತರ ಕೊಟ್ಟದ್ದು ಗೂಬೆ.

ಗೂಬೆ ಹೇಳಿದ ದಾರಿ ಹೀಗಿತ್ತು. ಹೊಸ ಸಿಸ್ಟಮ್ಮನ್ನು ಮೆಮೊರಿ ಕಾರ್ಡಿನಲ್ಲಿ ಹಾಕಿ ಅಲ್ಲಿಂದಲೇ ಓಡಿಸಬಹುದು. ಕಂಪನಿಯ ಗುಟ್ಟಿನ ಬರಹವನ್ನು ಇವರು ಬಿಡಿಸಿಕೊಂಡಿದ್ದರಿಂದ ಅದು ಒಳಗಿನ ಚಿಪ್ಪನ್ನು ಓದುತ್ತದೆ, ಅಳಿಸುವುದಿಲ್ಲ. ಆದರೆ ಮೆಷಿನ್ ಕಾರ್ಡಿನಿಂದ ಏಳಬೇಕಾದರೆ ಬೂಟ್‌ಲೋಡರ್ ಬದಲಿಸಬೇಕು. ಸ್ವಿಚ್ ಒತ್ತಿದ ಕೂಡಲೇ ಎಲ್ಲಕ್ಕಿಂತ ಮೊದಲು ಏಳುವ ಪುಟ್ಟ ಪ್ರೋಗ್ರಾಂ ಅದು. ಬೋರ್ಡಿಗೆ ಕೂದಲೆಳೆಯ ವೈರು ಬೆಸೆದು, ಲ್ಯಾಪ್‌ಟಾಪಿನಿಂದ ಹಾಕಬೇಕು. ಮಧ್ಯದಲ್ಲಿ ಕೈ ತಪ್ಪಿದರೆ ಆ ಮೆಷಿನನ್ನು ಮತ್ತೆ ಯಾರೂ ಎಬ್ಬಿಸಲಾರರು. ನಿಮ್ಮ ಬೋರ್ಡಿನ ಮಾದರಿಯಲ್ಲಿ ನಾವು ಇನ್ನೂ ಪರೀಕ್ಷೆ ಮಾಡಿಲ್ಲ ಅಂತಲೂ ಬರೆದಿದ್ದರು.

ಇದನ್ನು ನಾನೊಬ್ಬಳೇ ತೀರ್ಮಾನ ಮಾಡುವ ಹಾಗಿರಲಿಲ್ಲ. ಬುಧವಾರ ಇಬ್ಬರನ್ನೂ ಕರೆಸಿ ಎಲ್ಲವನ್ನೂ ಬಿಡಿಸಿ ಹೇಳಿದೆ. ತಿಪ್ಪೇಸ್ವಾಮಿ ತಲೆ ತಗ್ಗಿಸಿ ಕೇಳಿದರು.

“ಮಾಡ್ರಿ” ಅಂದರು. “ಹಿಂಗೇ ಇಟ್ಕೊಂಡ್ರೆ ಅದು ಇದ್ದೂ ಇಲ್ಲ.”

“ಹೋದ್ರೆ ನನ್ನ ಬೈಬಾರ್ದು.”

“ಬೈಯಾಕೆ ಆಮೇಲೆ ನನ್ ಹತ್ರ ಏನು ಉಳ್ದಿರ್ತೈತೆ ರೀ?”

ಅವರು ಹೋಗಲು ಒಪ್ಪಲಿಲ್ಲ, ಎದುರಿಗೇ ಸ್ಟೂಲ್ ಹಾಕಿಕೊಂಡು ಕೂತರು. ವೈರು ಬೆಸೆದೆ. ಬೂಟ್‌ಲೋಡರ್ ಇಳಿಯಿತು. ಕಾರ್ಡ್ ಹಾಕಿ ಸ್ವಿಚ್ ಒತ್ತಿದೆ. ಸ್ಕ್ರೀನ್ ಕಪ್ಪಗಿತ್ತು. ಅಪ್‌ಡೇಟ್ ಅಂತ ಹೇಳುತ್ತಿದ್ದದ್ದೂ ಇಲ್ಲ, ಏನೂ ಇಲ್ಲ.

“ಹೋಯ್ತಾ?” ಅಂದರು ತಿಪ್ಪೇಸ್ವಾಮಿ.

“ಸುಮ್ನೆ ಕೂತ್ಕೊಳ್ರಿ ಸ್ವಲ್ಪ” ಅಂತ ರೇಗಿದೆ. ರೇಗಿದ್ದು ಹೆದರಿಕೆಗೆ. ಮತ್ತೆ ಒತ್ತಿದೆ, ಮತ್ತೆ ಕಪ್ಪು. ರುದ್ರಪ್ಪ ಎದ್ದು ಹೊರಗೆ ಹೋಗಿ ರಸ್ತೆ ನೋಡುತ್ತಾ ನಿಂತರು. ಒಬ್ಬ ಮನುಷ್ಯನ ಕಣ್ಣೆದುರಿಗೇ ಅವನ ಕೈಯನ್ನು ಕೊಂದುಬಿಟ್ಟೆ ಅನ್ನಿಸಿ, ಜೀವನದಲ್ಲಿ ಮೊದಲ ಸಲ ಈ ಕಸುಬು ಬೇಡವಾಗಿತ್ತು ಅಂದುಕೊಂಡೆ.

ಕಣ್ಣು ಲ್ಯಾಪ್‌ಟಾಪ್ ಕಡೆ ಹೋದದ್ದು ಆಮೇಲೆ. ಕಂಪನಿಯ ಸಿಸ್ಟಂ ತಾನು ಏನು ಮಾಡುತ್ತಿದ್ದೇನೆ ಅಂತ ಯಾರಿಗೂ ಹೇಳುತ್ತಿರಲಿಲ್ಲ. ಈ ಹೊಸ ಸಿಸ್ಟಂ ಬಾಯಿಬಡುಕಿ. ತಾನಿಡುವ ಒಂದೊಂದು ಹೆಜ್ಜೆಯನ್ನೂ ವೈರಿನ ಮೂಲಕ ಲ್ಯಾಪ್‌ಟಾಪಿಗೆ ಬರೆದು ಕಳಿಸುತ್ತಿತ್ತು. ಒಂದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು: ಮೊದಲನೇ ಪ್ಯಾಡ್ ಒತ್ತಿ ಹಿಡಿಯಲಾಗಿದೆ, ತುರ್ತು ಸ್ಥಿತಿಗೆ ಹೋಗುತ್ತಿದ್ದೇನೆ.

ಯಾರೂ ಪ್ಯಾಡ್ ಮುಟ್ಟಿರಲಿಲ್ಲ. ರಬ್ಬರ್ ಎತ್ತಿ ನೋಡಿದೆ. ಅಡಿಯಲ್ಲಿ, ಕರೆಂಟು ಹರಿಯುವ ಗೆರೆಗಳ ಮೇಲೆ, ಕೆಂಪು ಬಿಳಿ ಕೆಸರು ಮೆತ್ತಿಕೊಂಡಿತ್ತು.

“ಪೂಜೆ ದಿನ ಇದಕ್ಕೆ ಏನೇನ್ ಮಾಡಿದ್ರಿ?”

“ಎಲ್ಲಾ ಮಿಷಿನ್‌ಗೂ ಮಾಡೋದೇ ರೀ” ಅಂದರು ತಿಪ್ಪೇಸ್ವಾಮಿ. “ವಿಭೂತಿ ಹಚ್ಚಿ, ಕುಂಕುಮ ಇಟ್ಟು, ನಿಂಬೆಹಣ್ಣು ಕೊಯ್ದು ಮೊದಲ್ನೇ ಪ್ಯಾಡ್ ಮ್ಯಾಲೆ ಇಟ್ಟಿದ್ವಿ. ನಾನು ಮೊದ್ಲು ಕೈ ಇಡೋದು ಅಲ್ಲೇ ಅಲ್ವಾ.”

ನಾನೂ ಆಯುಧ ಪೂಜೆ ಮಾಡುವವಳೇ. ಆದರೆ ಮಲ್ಟಿಮೀಟರಿಗೆ ಹೊರಗಡೆ ಡಬ್ಬಿಗೆ ಒಂದು ಬೊಟ್ಟು, ಮುಗಿಯಿತು. ಇವರು ಭಕ್ತಿಯಿಂದ ನಿಂಬೆರಸವನ್ನು ಹೊಟ್ಟೆಯೊಳಕ್ಕೇ ಇಳಿಸಿದ್ದರು. ಹುಳಿ ನೀರಿನಲ್ಲಿ ಕರೆಂಟು ಹರಿಯುತ್ತದೆ, ಹಾಗಾಗಿ ಯಾರೋ ಪ್ಯಾಡ್ ಒತ್ತಿ ಹಿಡಿದಿದ್ದಾರೆ ಅಂತ ಮೆಷಿನ್ ತಿಳಿಯುತ್ತಿತ್ತು. ಆ ಪ್ಯಾಡ್ ಒತ್ತಿಕೊಂಡು ಆನ್ ಮಾಡಿದರೆ ಅಪ್‌ಡೇಟ್‌ಗೆ ಹೋಗುವುದು ಕಂಪನಿ ಇಟ್ಟ ಗುಟ್ಟಿನ ದಾರಿ, ಹೊಸ ಸಿಸ್ಟಮ್ಮೂ ತನ್ನ ತುರ್ತು ಸ್ಥಿತಿಗೆ ಅದೇ ಪ್ಯಾಡನ್ನು ಇಟ್ಟುಕೊಂಡಿತ್ತು. ಆಪರೇಟಿಂಗ್ ಸಿಸ್ಟಂ ಕೆಟ್ಟೇ ಇಲ್ಲ ಅಂದುಕೊಂಡೆ. ಸ್ಪಿರಿಟ್ ಹಾಕಿ ಉಜ್ಜಿ, ಒಣಗಿಸಿ, ಸ್ವಿಚ್ ಒತ್ತಿದೆ. ಸ್ಕ್ರೀನ್ ಬೆಳಗಿತು. ತಿಪ್ಪೇಸ್ವಾಮಿ ಸ್ಟೂಲಿನಿಂದ ಅರ್ಧ ಎದ್ದು ನಿಂತರು, ರುದ್ರಪ್ಪ ಹೊರಗಿನಿಂದ ಓಡಿ ಬಂದರು.

ನಮ್ಮ ಸಂತೋಷ ಟೀ ತರಿಸುವಷ್ಟೂ ಹೊತ್ತು ಇರಲಿಲ್ಲ. ಒಳಗಿನ ಮೆಮೊರಿಯನ್ನು ತೆರೆದರೆ ಅದರ ಶುರುವಿನ ಭಾಗ ಪೂರ್ತಿ ಖಾಲಿ. ಕಂಪನಿಯ ಸಿಸ್ಟಂ ಇದ್ದ ಜಾಗವೂ ಅಳಿಸಿಹೋಗಿತ್ತು. ಕುಂಕುಮ ನಿಂಬೆಹಣ್ಣು ಹೀಗೆ ಮಾಡುವುದಿಲ್ಲ. ಯಾರೋ ಅಳಿಸಲು ಶುರು ಮಾಡಿ ಮಧ್ಯದಲ್ಲಿ ಬಿಟ್ಟಿದ್ದರು.

“ಯಾರಾದ್ರೂ ಓಕೆ ಒತ್ತಿದ್ರಾ ಇದಕ್ಕೆ?”

ತಿಪ್ಪೇಸ್ವಾಮಿ ಇಲ್ಲ ಅಂದರು. ರುದ್ರಪ್ಪ ಬಾಗಿಲ ಕಡೆ ತಿರುಗಿದರು. ನಾನು ಅವರ ಮುಖವನ್ನೇ ನೋಡಿದೆ.

“ಅದು ಓಕೆ ಒತ್ತು ಅಂತು, ಒತ್ತಿದೆ ಅಕ್ಕ” ಅಂದರು ಕೊನೆಗೆ. “ಇವ್ರು ಊಟಕ್ಕೆ ಹೋಗಿದ್ರು. ಸರಿಯಾಗ್ತೈತೇನೋ ಅಂತ. ಸ್ಕ್ರೀನ್ ಮ್ಯಾಲೆ ಗೆರೆ ಓಡಾಕೆ ಶುರುವಾತು, ಹೆದ್ರಿ ಕರೆಂಟ್ ವೈರ್ ಕಿತ್ಬಿಟ್ಟೆ.”

“ಓದಾಕೆ ಬರ್ತೈತಲ್ಲ ನಿಮ್ಗೆ? ಅಳಿಸಿ ಹೋಗ್ತೈತೆ ಅಂತ ಮೇಲೇ ಬರೆದಿತ್ತಲ್ಲ ರುದ್ರಪ್ಪಾರೇ?”

“ಓಕೆ ಒಂದೇ ಓದಿದೆ” ಅಂದರು ಅವರು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ತಿಪ್ಪೇಸ್ವಾಮಿ ರುದ್ರಪ್ಪನವರನ್ನು ಬೈಯಲಿಲ್ಲ. ಉಳಿದಿರುವುದು ಯಾವುದು ಅಂತ ನನ್ನನ್ನು ಕೇಳಿದರು. ಒಂದೊಂದಾಗಿ ಬಾರಿಸಿ ಕೇಳಿಸಿದೆ. ನಾ, ತಿನ್, ತೇ, ಎಲ್ಲವೂ ಬಲಗೈ ಬಾರಿಸುವ ತಬಲಾದವು. ಎಡಗೈ ಬಾರಿಸುವ ಡಗ್ಗದ ಬೋಲು, ಮಣಿಕಟ್ಟನ್ನು ಚರ್ಮದ ಮೇಲೆ ಒತ್ತಿ ಜಾರಿಸಿದಾಗ ಹೊರಡುವ ಆ ಗುಂಯ್ ಅನ್ನುವ ನಾದ, ಒಂದೂ ಇರಲಿಲ್ಲ.

“ಎಡಗೈದು ಮೊದ್ಲು ತುಂಬಿಸ್ದೆ ರೀ” ಅಂದರು. “ಹೋಗ್ತಿದ್ದದ್ದು ಅದೇ ಅಲ್ವಾ, ಅದ್ನೇ ಮೊದ್ಲು ಉಳಿಸ್ಕೊಳಾಣ ಅಂತ.”

ಅಳಿಸುವ ಗೆರೆಯೂ ಮೊದಲಿನಿಂದಲೇ ಓಡಿತ್ತು. ಕಳೆದುಕೊಳ್ಳಬಾರದು ಅಂತ ಯಾವುದನ್ನು ಮುಂದೆ ಇಟ್ಟಿದ್ದರೋ ಸರಿಯಾಗಿ ಅಷ್ಟನ್ನೇ ಅದು ನುಂಗಿತ್ತು.

“ಬಲಗೈ ಉಳಿಸಿ ಕೊಟ್ರಿ ಅಕ್ಕ” ಅಂದರು ತಿಪ್ಪೇಸ್ವಾಮಿ. “ಅದು ಹೆಂಗೂ ನನ್ ಹತ್ರನೇ ಐತಲ್ಲ. ತಗೊಂಡು ಏನ್ ಮಾಡ್ಲಿ?”

ವ್ಯಂಗ್ಯವಾಗಿ ಅಂದದ್ದಲ್ಲ, ನಿಜವಾಗಿ ಕೇಳಿದ್ದು. ಟವೆಲ್ ಹೆಗಲಿಗೆ ಹಾಕಿಕೊಂಡು, ಮೆಷಿನನ್ನು ಅಲ್ಲೇ ಬಿಟ್ಟು ಹೋದರು. ರುದ್ರಪ್ಪ ಹಿಂದೆ ಹಿಂದೆ ಹೋದರು. ನಾನು ಒಳಗೆ ಹೋಗಿ ಮುಖ ತೊಳೆದುಕೊಂಡೆ. ಅತ್ತಿದ್ದೆ, ಅದನ್ನು ಮುಚ್ಚಿಡುವುದರಲ್ಲಿ ಏನಿದೆ.

ಅಳಿಸಿದ್ದನ್ನು ವಾಪಸು ತರಲು ಬರುತ್ತದಾ ಅಂತ ಗೂಬೆಯನ್ನು ಕೇಳಿದೆ. ಬರುವುದಿಲ್ಲ, ಈ ಜಾತಿಯ ಚಿಪ್ಪಿನಲ್ಲಿ ಅಳಿಸಿದ ಮೇಲೆ ಗುರುತೂ ಉಳಿಯುವುದಿಲ್ಲ ಅಂತ ಬರೆದರು. ಜೊತೆಗೇ ಒಂದು ಪ್ರಶ್ನೆ ಕೇಳಿದ್ದರು: ಉಳಿದ ಭಾಗದಲ್ಲಿ ಎಡಗೈ ಬೇರೆ ಯಾವುದರ ಜೊತೆಗಾದರೂ ಬೆರೆತಿದೆಯಾ?

ಮೆಮೊರಿಯ ಕಟ್ಟಕಡೆಯಲ್ಲಿ ಹೆಸರಿಲ್ಲದ ಒಂದು ಉದ್ದನೆಯ ರೆಕಾರ್ಡಿಂಗ್ ಇತ್ತು. ಎರಡೂ ಕೈಯಲ್ಲಿ ಬಾರಿಸಿದ ಠೇಕಾ, ಅಂದರೆ ಹಾಡಿನ ಹಿಂದೆ ಸುತ್ತಿ ಸುತ್ತಿ ಬರುವ ತಾಳ. ಫೋನ್ ಮಾಡಿದರೆ ತಿಪ್ಪೇಸ್ವಾಮಿ, “ಅದು ಬ್ಯಾಡ್ರಿ” ಅಂದರು. “ಹಾಡೋರಿಗೆ ಪ್ರಾಕ್ಟೀಸ್ ಮಾಡಾಕೆ ಅಂತ ಬಾರ್ಸಿದ್ದು. ಅಷ್ಟೊತ್ತಿಗೆ ಕೈ ಆಗ್ಲೇ ಹೋಗಿತ್ತು.”

ಅವರು ಬೇಡ ಅಂದರೂ ನಾನು ಬಿಡಲಿಲ್ಲ. ಡಗ್ಗದ ದನಿ ತಗ್ಗು, ತಬಲಾದ ದನಿ ಏರು. ಎರಡನ್ನೂ ಸೋಸಿ ಬೇರೆ ಮಾಡುವುದಕ್ಕೆ ಫಿಲ್ಟರ್ ಅನ್ನುತ್ತಾರೆ. ಸಿಸ್ಟಂ ತೆರೆದದ್ದಾಗಿದ್ದರಿಂದ ಗೂಬೆ ಅದಕ್ಕೆ ಈ ಕೆಲಸಕ್ಕೆಂದೇ ಒಂದು ಪುಟ್ಟ ಪ್ರೋಗ್ರಾಂ ಸೇರಿಸಿ ಕಳಿಸಿದರು. ಮುಖ ನೋಡದ, ಹೆಸರು ಗೊತ್ತಿಲ್ಲದ ಒಬ್ಬರು ಜಗಳೂರಿನ ಒಂದು ಕೈಗೋಸ್ಕರ ಕೂತು ಬರೆದದ್ದು. ಪೂರ್ತಿ ಶುದ್ಧವಾಗಿ ಬರಲಿಲ್ಲ. ಬಲಗೈಯ ನೆರಳು ಅಲ್ಲಲ್ಲಿ ಉಳಿಯಿತು. ಆದರೂ ಡಗ್ಗ ಬಂತು.

ಶನಿವಾರ ತಿಪ್ಪೇಸ್ವಾಮಿಯನ್ನು ಹೆಚ್ಚುಕಡಿಮೆ ಜಬರ್ದಸ್ತಿ ಮಾಡಿ ಕರೆಸಿದೆ. ಹೆಡ್‌ಫೋನ್ ಹಾಕಿ ಕೇಳಿಸಿದೆ. ಪೆಟ್ಟು ಒಂಚೂರು ತಡವಾಗಿ ಬೀಳುತ್ತಿತ್ತು. ಮಣಿಕಟ್ಟು ಜಾರುವಾಗ ನಾದ ನಡುವೆ ನಡುಗಿ, ತುಂಡಾಗಿ, ಮತ್ತೆ ಕೂಡಿಕೊಳ್ಳುತ್ತಿತ್ತು. ಅವರು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು.

“ಸೋತ ಕೈ ಇದು” ಅಂದರು.

“ಸರಿ ಮಾಡ್ಕೊಡ್ತೀನಿ ರೀ. ತಡ ಆಗಿದ್ದನ್ನ ಮುಂದಕ್ಕೆ ಎಳೀಬಹುದು, ನಡುಕ ತೆಗೀಬಹುದು, ಈ ಸಿಸ್ಟಂನಾಗೆ ಎಲ್ಲಾ ಐತೆ.”

“ಬ್ಯಾಡ” ಅಂದರು. “ಅದು ಎಷ್ಟು ತಡ ಆಗಿ ಬೀಳ್ತೈತೋ, ಅಷ್ಟು ಹೊತ್ತು ನನ್ ಬಲಗೈ ಕಾಯ್ತೈತೆ ಬಿಡ್ರಿ.”

ಭಾನುವಾರ ನಾನೂ ನ್ಯಾಮತಿಗೆ ಹೋದೆ. ಮೆಷಿನ್ ಮಧ್ಯದಲ್ಲಿ ನಿಂತುಬಿಟ್ಟರೆ ಅನ್ನುವ ಭಯ ಒಂದು ಕಡೆ, ನೋಡಲೇಬೇಕು ಅನ್ನುವ ಹಟ ಇನ್ನೊಂದು ಕಡೆ. ಕಲ್ಯಾಣ ಮಂಟಪದಲ್ಲಿ ಸ್ಪೀಕರ್ ಪಕ್ಕದಲ್ಲಿ ನಿಂತೆ. ಹಾಡು ಶುರುವಾಯಿತು. ಅವರ ಬೆರಳುಗಳು ಪ್ಯಾಡಿನ ಮೇಲೆ ಆಡುತ್ತಾ, ಡಗ್ಗದ ಪೆಟ್ಟು ಬರುವ ಕಡೆಯಲ್ಲೆಲ್ಲ ಒಂದು ಕ್ಷಣ ತಡೆದು, ಅದನ್ನು ಜೊತೆಗೆ ಕರೆದುಕೊಂಡು ಮುಂದೆ ಹೋಗುತ್ತಿದ್ದವು. ಹಾಡುವವರು ಮೊದಲು ತಡವರಿಸಿದರು, ಆಮೇಲೆ ಅವರೂ ನಿಧಾನಕ್ಕೆ ಹೊಂದಿಕೊಂಡರು. ಊಟದ ಕಡೆ ಹೊರಟ ಜನಕ್ಕೆ ಇದೆಲ್ಲ ಗೊತ್ತಾಗುವ ಮಾತಲ್ಲ. ರುದ್ರಪ್ಪ ಮಾತ್ರ ಕೀಬೋರ್ಡಿನ ಹಿಂದೆ ನಿಂತು ಟವೆಲ್‌ನಿಂದ ಮತ್ತೆ ಮತ್ತೆ ಮುಖ ಒರೆಸಿಕೊಳ್ಳುತ್ತಿದ್ದರು.

ಪ್ರೋಗ್ರಾಂ ಮುಗಿದ ಮೇಲೆ ತಿಪ್ಪೇಸ್ವಾಮಿ ನನ್ನ ಹತ್ತಿರ ಬಂದರು. ಥ್ಯಾಂಕ್ಸ್ ಹೇಳುತ್ತಾರೇನೋ ಅಂದುಕೊಂಡು, ಇರಲಿ ಬಿಡ್ರಿ ಅನ್ನಲು ತಯಾರಾಗಿದ್ದೆ.

“ಅಕ್ಕ, ಆ ಬಲಗೈದು ಉಳಿಸಿದ್ರಲ್ಲ, ಅದು ಅಳಿಸ್ಬ್ಯಾಡ್ರಿ” ಅಂದರು. “ಎಲ್ಲಾದ್ರೂ ಕಾಪಿ ಮಾಡಿ ಇಟ್ಕೊಂಡಿರ್ರಿ. ಹಬ್ಬಕ್ಕೆ ಮುಂಚಿಂದ ಈ ಬಲಗೈ ಬೆರಳೂ ಜೋಮು ಹಿಡಿತೈತೆ. ರುದ್ರಪ್ಪಾರಿಗೆ ಹೇಳಿಲ್ಲ.”

ಬುಧವಾರ ನನ್ನೆದುರು ಕೂತು ಅದನ್ನು ತಗೊಂಡು ಏನು ಮಾಡಲಿ ಅಂತ ಕೇಳಿದಾಗಲೂ ಇದು ಅವರಿಗೆ ಗೊತ್ತಿತ್ತು. ಹೂಂ ಅಂದೆ.

ಆ ಕಾಪಿ ಈಗ ಮೂರು ಕಡೆ ಇದೆ. ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ, ಒಂದು ಗೂಬೆಯ ಹತ್ತಿರ. ಈಗ ಯಾವ ಮೆಷಿನ್ ಬಂದರೂ, ತಂದವರು ಒಳಗಿರುವುದು ಏನೂ ಬೇಡ, ಅಳಿಸಿ ಅಂದರೂ, ಮೊದಲು ಎಲ್ಲವನ್ನೂ ಕಾಪಿ ಮಾಡಿಕೊಂಡೇ ಸ್ಕ್ರೂಡ್ರೈವರ್ ಹಿಡಿಯುತ್ತೇನೆ. ಬೇಡ ಅಂತ ಜನ ಬಾಯಲ್ಲಿ ಅನ್ನುವುದು ಎಷ್ಟೋ ಸಲ ಹೆದರಿಕೆಯಿಂದ. ಏನು ಬೇಕಾಗುತ್ತದೆ ಅನ್ನುವುದನ್ನು ಆಮೇಲೆ, ಬೇರೆ ಯಾರೂ ಇಲ್ಲದಾಗ ಬಂದು ಹೇಳುತ್ತಾರೆ.